ಮೇಷ್ಟ್ರ ಸಪ್ಪೆ ಸಾರು

ಪಂಕಜಾಕ್ಷಿ ಎಂಬಾಕೆ ಮಂಡ್ಯದ ತನ್ನ ಮನೆಯಲ್ಲೇ ಅಡುಗೆ ಮಾಡಿ ಹನ್ನೊಂದು ಮನೆಗಳಿಗೆ ಮಧ್ಯಾಹ್ನದ ಊಟದ ಕ್ಯಾರಿಯರ್ ಕಳಿಸುತ್ತಿದ್ದಳು. ಅದರಲ್ಲಿ ಒಂದು ಕ್ಯಾರಿಯರ್ ಮಾತ್ರ ಬೇರೆ. ಅದು ನಿವೃತ್ತ ಮೇಷ್ಟ್ರು ಚನ್ನವೀರಯ್ಯನವರದು. ಅವರಿಗೆ ಕಿಡ್ನಿ ತೊಂದರೆ. ಅಡುಗೆಗೆ ಉಪ್ಪು ಬೀಳಕೂಡದು ಎಂದು ಡಾಕ್ಟರು ಹೇಳಿದ್ದರು. ಅವರ ಸಾರಿಗೆಂದೇ ಪಂಕಜಾಕ್ಷಿ ಚಿಕ್ಕ ಪಾತ್ರೆಯೊಂದನ್ನು ಇಟ್ಟಿದ್ದಳು.

ಮೊದಮೊದಲು ಡಬ್ಬಿಗೆ ತುಂಬುವ ಮುನ್ನ ಪ್ರತಿ ಪಾತ್ರೆಯದನ್ನೂ ಅಂಗೈಗೆ ಬಿಟ್ಟುಕೊಂಡು ರುಚಿ ನೋಡುತ್ತಿದ್ದಳು. ಕೈ ಪಳಗಿದ ಮೇಲೆ ಆ ಅಭ್ಯಾಸ ಬಿಟ್ಟುಹೋಯಿತು. ನನ್ನ ಅಡುಗೆ ನನಗೆ ಗೊತ್ತಿಲ್ಲವೇ ಎಂದುಕೊಂಡಳು.

ಒಂದು ಗುರುವಾರ ಮೇಷ್ಟ್ರ ಸಾರು ತೆಳ್ಳಗಾಯಿತೇನೋ ಎನ್ನಿಸಿ ರುಚಿ ನೋಡಿದಳು. ಉಪ್ಪಿತ್ತು. ಅತ್ತೆ ಕೆಂಪಾಜಮ್ಮ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದರು.

“ಅತ್ತೆ, ಮೇಷ್ಟ್ರ ಸಾರಿಗೆ ಉಪ್ಪು ಬಿದ್ದಿದೆಯಲ್ಲ.”

“ನಾನೇ ಹಾಕ್ದೆ ಕಣವ್ವ. ಪಾಪ, ವಯಸ್ಸಾದ ಜೀವ. ಎಷ್ಟು ದಿನ ಅಂತ ಸಪ್ಪೆ ತಿಂದಾತು?”

“ಇವತ್ತೊಂದೇ ದಿನವಾ?”

“ಸೋಮವಾರದಿಂದ ಹಾಕ್ತಾ ಇವ್ನಿ.”

ಪಂಕಜಾಕ್ಷಿಗೆ ಸಿಟ್ಟು ಬಂತು. ಆದರೆ ಮೂರು ದಿನ ರುಚಿ ನೋಡದೆ ಕಳಿಸಿದವಳು ತಾನೇ ಅಲ್ಲವೇ? ಆ ಸಾರನ್ನು ಚೆಲ್ಲಿ ಹೊಸದಾಗಿ ಮಾಡಲು ನಿಂತಳು. ಊಟ ಅರ್ಧ ಗಂಟೆ ತಡವಾಗುತ್ತದೆ ಎಂದು ಮೇಷ್ಟ್ರ ಮನೆಗೆ ಫೋನ್ ಮಾಡಿದಳು. ಮಿಕ್ಕದ್ದನ್ನು ಅಲ್ಲಿಗೇ ಹೋಗಿ ಹೇಳುತ್ತೇನೆ ಎಂದಾಗ ಕೆಂಪಾಜಮ್ಮ ತಡೆದರು.

“ಇವತ್ತಿಂದು ಸರಿ ಮಾಡ್ದೆಯಲ್ಲ, ಹೋದದ್ದರ ಮಾತು ಯಾಕೆ? ಬಾಯಿ ಬಿಟ್ರೆ ಆ ಮನೆ ಕೈ ಬಿಟ್ಟೋಯ್ತದೆ. ಅವರು ನಾಕು ಜನಕ್ಕೆ ಹೇಳಿದ್ರೆ ಮಿಕ್ಕವೂ ಹೋಯ್ತವೆ.”

ಅದು ಸುಳ್ಳಲ್ಲ. ಹನ್ನೊಂದು ಮನೆ ಸೇರಿಸಲು ಎರಡು ವರ್ಷ ಹಿಡಿದಿತ್ತು. ಪಂಕಜಾಕ್ಷಿ ಹೊಸ ಸಾರಿನ ರುಚಿ ನೋಡಿ ಡಬ್ಬಿಗೆ ತುಂಬಿದಳು.

“ಡಾಕ್ಟರಿಗೆ ಗೊತ್ತಾಗಬೇಕಲ್ಲ ಅತ್ತೆ” ಎಂದು ಕ್ಯಾರಿಯರ್ ಎತ್ತಿಕೊಂಡಳು.

ಕೆಂಪಾಜಮ್ಮ ಚಪ್ಪಲಿ ಮೆಟ್ಟಿದರು. “ಹಾಕಿದವಳು ನಾನು. ನಾನೂ ಬತ್ತೀನಿ.”

ಮೇಷ್ಟ್ರು ಪಡಸಾಲೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಎರಡೂ ಪಾದಗಳು ಊದಿಕೊಂಡು ಚರ್ಮ ಬಿಗಿದಿತ್ತು. ಕ್ಯಾರಿಯರ್ ಕಂಡು ಮುಖ ಅರಳಿತು. “ಈ ಮೂರು ದಿನ ಊಟ ಬಲು ಚೆನ್ನಾಗಿತ್ತಮ್ಮ” ಎಂದರು.

ಅವರ ಮಗಳು ನಳಿನಿ ಬೇಸರದಿಂದ ಹೇಳಿದಳು: “ಕಾಲು ನೋಡಿ ಪಂಕಜಕ್ಕ. ಕದ್ದು ಉಪ್ಪಿನಕಾಯಿ ತಿಂದಿದ್ದಾರೆ. ಕೇಳಿದರೆ ಇಲ್ಲ ಅಂತಾರೆ. ನಿನ್ನೆ ಬಾಯಿಗೆ ಬಂದಂತೆ ಬೈದುಬಿಟ್ಟೆ.”

ಮೇಷ್ಟ್ರು ತಲೆ ತಗ್ಗಿಸಿದರು.

“ಅವರು ಏನೂ ತಿಂದಿಲ್ಲ” ಎಂದಳು ಪಂಕಜಾಕ್ಷಿ. “ಉಪ್ಪು ನಮ್ಮ ಮನೆಯಿಂದಲೇ ಬಂತು. ಸೋಮವಾರದಿಂದ. ನಾನು ರುಚಿ ನೋಡದೆ ಕಳಿಸಿದೆ, ತಪ್ಪು ನನ್ನದು. ಈಗಲೇ ಡಾಕ್ಟರಿಗೆ ತಿಳಿಸಿಬಿಡಿ.”

ಅತ್ತೆಯ ಹೆಸರೆತ್ತಲಿಲ್ಲ. ಕೆಂಪಾಜಮ್ಮ ಮಾತ್ರ ಆ ಊದಿದ ಪಾದಗಳಿಂದ ಕಣ್ಣು ಕೀಳಲಾರದೆ ನಿಂತಿದ್ದರು. “ನಾನೇ ಹಾಕಿದ್ದು ತಾಯಿ, ಮರುಕಕ್ಕೆ” ಎಂದರು ಮೆಲ್ಲಗೆ.

ನಳಿನಿ ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಆಮೇಲೆ “ನಾಳೆಯಿಂದ ಕಳಿಸಬೇಡಿ” ಎಂದಳು. ಅಪ್ಪನ ಕುರ್ಚಿಯ ಬಳಿ ಹೋಗಿ ಅವರ ಕೈ ಹಿಡಿದು ಕೂತಳು. ಅತ್ತೆ ಸೊಸೆ ಮನೆಗೆ ಬಂದರು.

ಹದಿನೈದು ದಿನ ಕಳೆದ ಮೇಲೆ ನಳಿನಿಯ ಫೋನ್ ಬಂತು. ಊತ ಇಳಿದಿತ್ತು. “ಮತ್ತೆ ಊಟ ಕಳಿಸಿ. ನೀವು ಮುಚ್ಚಿಟ್ಟಿದ್ದರೆ ನಾನು ಇನ್ನೂ ಅಪ್ಪನನ್ನೇ ಬೈಯುತ್ತಿದ್ದೆ” ಎಂದಳು.

ಈಗ ಆ ಅಡುಗೆಮನೆಯಿಂದ ರುಚಿ ನೋಡದೆ ಒಂದು ಡಬ್ಬಿಯೂ ಹೊರಗೆ ಹೋಗುವುದಿಲ್ಲ. ಮೊನ್ನೆ ಪಕ್ಕದ ಮನೆಯಾಕೆ ಬಂದು, ಮೇಷ್ಟ್ರ ಪಾತ್ರೆಗೆ ಇಣುಕಿ, “ಒಂದು ಹರಳು ಉಪ್ಪು ಹಾಕಿದರೆ ಏನಾಗುತ್ತೆ?” ಎಂದಳು.

ಕೆಂಪಾಜಮ್ಮ ಪಾತ್ರೆಗೆ ಮುಚ್ಚಳ ಮುಚ್ಚಿದರು. “ಬೇಯ್ತಿರೋದು ನಮ್ಮ ಒಲೆ ಮೇಲೆ. ಊಟ ಮೇಷ್ಟ್ರದು ಕಣವ್ವ.”

ನೀತಿ: ಮನೆಯಲ್ಲೇ ಮಾಡಿದರೂ ಕಸುಬು ಕಸುಬೇ. ಅಲ್ಲಿ ಮನೆಮಂದಿಯ ಮರುಕವೂ ನಿಯಮ ದಾಟಬಾರದು. ದಾಟಿ ತಪ್ಪಾದರೆ ಮೊದಲು ಬಾಯಿ ಬಿಡಬೇಕಾದವರು ನಾವೇ. ಇಲ್ಲದಿದ್ದರೆ ಏನೂ ಮಾಡದವರು ಆ ತಪ್ಪನ್ನು ಹೊರಬೇಕಾಗುತ್ತದೆ.