ಕಿರೀಟದ ಕೆಳಗಿನ ಬೋಳುನೆತ್ತಿ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ನಾಡು ಕಟ್ಟಿದ ಹಿರಿಯರ ಕತೆಗಳಲ್ಲಿ ನಾಲ್ಕು ಸುಳ್ಳು ಸೇರಿದ್ದರೆ ಸೇರಿರಲಿ. ಅವುಗಳಿಂದ ಭಕ್ತಿ ಬೆಳೆಯುತ್ತದೆ. ನಿಜವನ್ನು ಕೆದಕಿ ಆ ದೊಡ್ಡವರನ್ನು ಸಣ್ಣವರಾಗಿಸುವುದು ಏಕೆ?"

ಗುರು ಹೇಳಿದರು:

ಒಂದು ಪುಟ್ಟ ನಾಡಿತ್ತು. ಅದರ ಮೂಲದೊರೆ ಬರಡು ನೆಲಕ್ಕೆ ಈಟಿಯಿಂದ ತಿವಿದನಂತೆ, ಕೆರೆ ತಾನಾಗಿ ಉಕ್ಕಿತಂತೆ, ಏರಿ ತಾನಾಗಿ ಎದ್ದು ನಿಂತಿತಂತೆ. ಏರಿಯ ಮೇಲೆ ಅವನ ಕಲ್ಲಿನ ವಿಗ್ರಹವಿತ್ತು. ತಲೆಯಲ್ಲಿ ಕಿರೀಟ, ಕೈಯಲ್ಲಿ ಕಬ್ಬಿಣದ ಈಟಿ. ಅನುಮಾನಿಸಿದವನು ನಾಡದ್ರೋಹಿ.

ಅವನ ವಂಶದಲ್ಲಿ ಹುಟ್ಟಿದ ಈಗಿನ ದೊರೆಗೆ ಮಾತ್ರ ನಿಜ ಗೊತ್ತಿತ್ತು. ಅಜ್ಜಿ ಸಾಯುವ ಮುನ್ನ ಹೇಳಿದ್ದಳು: ಮೂಲದೊರೆ ಈಟಿ ಹಿಡಿದವನೇ ಅಲ್ಲ, ಜನರೊಂದಿಗೆ ಮಣ್ಣು ಹೊತ್ತವನು. ಬುಟ್ಟಿ ಹೊತ್ತು ಹೊತ್ತು ಅವನ ನೆತ್ತಿ ಬೋಳಾಗಿತ್ತು. ಶಿಲ್ಪಿ ಅದನ್ನು ಕಿರೀಟದಿಂದ ಮುಚ್ಚಿದ. ದೊರೆ ಇದನ್ನು ಯಾರಿಗೂ ಹೇಳಲಿಲ್ಲ. ಮಣ್ಣು ಹೊತ್ತವನ ಕುಡಿಗೆ ಯಾರು ಅಡ್ಡಬೀಳುತ್ತಾರೆ?

ಒಂದು ಮಳೆಗಾಲದಲ್ಲಿ ಏರಿಗೆ ಹೆಬ್ಬೆರಳು ಹೋಗುವಷ್ಟು ತೂತು ಬಿತ್ತು. ಕೆಳಗೆ ಊರು. ಆದರೂ ಯಾರೊಬ್ಬರೂ ಗುದ್ದಲಿ ಮುಟ್ಟಲಿಲ್ಲ. ದೈವದ ಏರಿಗೆ ಮನುಷ್ಯರ ಮಣ್ಣು ಸಲ್ಲದೆಂದು ನಂಬಿದ್ದರು. "ಈಟಿ ತೆಗೆದುಕೊಳ್ಳಿ, ಬುದ್ಧಿ!" ಎಂದು ಕೂಗಿದರು. ದೊರೆ ವಿಗ್ರಹದ ಕೈಯಿಂದ ಈಟಿ ಬಿಡಿಸಿಕೊಂಡ. ವಾದ್ಯ ಮೊಳಗಿತು. ತಿವಿದ. ಹೆಬ್ಬೆರಳಷ್ಟಿದ್ದ ತೂತು ಕುಂಬಳಕಾಯಿಯಷ್ಟಾಯಿತು.

ಒಬ್ಬ ರೈತ ಕೈಮುಗಿದ. "ಸಾಕು ಬುದ್ಧಿ. ಇನ್ನೊಂದು ಸಲ ತಿವಿದರೆ ಕೆರೆ ನಮ್ಮ ಅಡುಗೆಮನೆಗೇ ಬರುತ್ತದೆ."

ಸಿಂಹಾಸನ ಹೋದರೆ ಹೋಗಲಿ ಎಂದುಕೊಂಡು ದೊರೆ ಈಟಿಯನ್ನು ಕೆಸರಿಗೆಸೆದ. ಅಜ್ಜಿಯ ಮಾತನ್ನೆಲ್ಲ ಹೇಳಿಬಿಟ್ಟ. ಜರಿಪೇಟ ಬಿಚ್ಚಿ, ಹೊರೆಯ ಕೆಳಗಿಡುವ ಸಿಂಬಿಯಾಗಿ ಸುತ್ತಿ, ನೆತ್ತಿಯ ಮೇಲಿಟ್ಟುಕೊಂಡು ಕೇಳಿದ: "ಬುಟ್ಟಿ ಎಲ್ಲಿ?"

ಗುಂಪಿನಲ್ಲಿದ್ದ ಒಬ್ಬ ಮುದುಕಿ ನಕ್ಕಳು. "ಮೂಲದೊರೆ ಬೋಳುನೆತ್ತಿಯವನೇ? ಹಾಗಾದರೆ ನಮ್ಮವನೇ ಬಿಡಿ. ಆ ಕಿರೀಟ ಕಂಡು ಇಷ್ಟು ದಿನ ಹತ್ತಿರ ಹೋಗಲಿಕ್ಕೂ ಹೆದರಿದ್ದೆ." ಅವಳು ಸೆರಗನ್ನೇ ಸಿಂಬಿ ಮಾಡಿಕೊಂಡಳು. ಅಲ್ಲಿದ್ದವರ ಪೇಟಗಳೆಲ್ಲ ಬಿಚ್ಚಿಕೊಂಡವು. ವಾದ್ಯದವರು ಡೋಲಿನ ಹೊದಿಕೆಯಲ್ಲಿ ಮಣ್ಣು ಹೊತ್ತರು. ಹೊತ್ತು ಮುಳುಗುವ ಮೊದಲು ತೂತು ಮುಚ್ಚಿತು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಕೆರೆ ಉಳಿಯಿತು, ಸರಿ. ಆದರೆ ಮೂಲದೊರೆಯ ಕಿರೀಟ ಹೋಯಿತಲ್ಲ, ಗುರುಗಳೇ?"

ಗುರು ನಕ್ಕರು. "ಹೋಯಿತು. ಆದರೆ ಆ ಕಿರೀಟ ಇನ್ನೊಬ್ಬರ ತಲೆಗೆ ಕೂರುವಂತಿರಲಿಲ್ಲ. ಈ ಸಿಂಬಿ ಕೂರದ ತಲೆ ಯಾವುದಿದೆ, ಹೇಳು."