ಬೆನ್ನು ಬಿರಿದ ಹುಳು

ಎಲೆಯಡಿಯ ಜೀವವನ್ನೂ ಮರೆಯದ ಪರಮಾತ್ಮನಿಗೆ ಶರಣು.

ನಿಂಬೆಗಿಡದ ಹಸಿರು ಹುಳುವಿಗೆ ಹಕ್ಕಿಯ ಕೊಕ್ಕು ತಾಗಿ ಗಾಯವಾಗಿತ್ತು. ಒಂದು ಬೆಳಿಗ್ಗೆ ಅದರ ಬೆನ್ನೇ ಬಿರಿಯತೊಡಗಿತು. ಸಾವೇ ಬಂತೆಂದು ನಡುಗಿದ ಹುಳು, ಬಾಯಿಂದ ನೂಲು ತೆಗೆದು ಬಿರುಕನ್ನು ಬಿಗಿಯಲು ಹೊರಟಿತು. "ಗಿಡವ್ವಾ, ನಾನು ಹರಿದುಹೋಗುತ್ತಿದ್ದೇನೆ!"

"ಬಿಗಿ ತಮ್ಮಾ, ಇನ್ನೂ ಬಿಗಿ!" ಎಂದಿತು ಪಕ್ಕದ ಎಲೆಯ ಮೇಲಿದ್ದ ಬಸವನಹುಳು. "ನಾನಂತೂ ಚಿಪ್ಪು ಬಿಟ್ಟು ಒಂದು ದಿನವೂ ಇದ್ದವನಲ್ಲ. ಬಿಟ್ಟವರು ಉಳಿದದ್ದುಂಟೇ?"

"ಅವನಿಗೆ ದೇವರು ಚಿಪ್ಪು ಕೊಟ್ಟ, ಮಗಾ," ಎಂದಿತು ಗಿಡ. "ನಿನಗೆ ನೂಲು ಕೊಟ್ಟದ್ದು ಗಾಯ ಕಟ್ಟುವುದಕ್ಕಲ್ಲ, ನನ್ನ ಕೊಂಬೆಯನ್ನು ಹಿಡಿದುಕೊಳ್ಳುವುದಕ್ಕೆ."

ಹುಳು ನೂಲನ್ನು ಕೊಂಬೆಗೆ ಸುತ್ತಿ, ದೇವರ ಹೆಸರು ಹೇಳಿ ಮೈ ಸಡಿಲಬಿಟ್ಟಿತು. ಗಾಯದ ತೊಗಲು ಕಳಚಿ ಬಿತ್ತು. ಒಳಗಿನ ಜೀವ ಗೂಡಾಗಿ ನಿಂತಿತು. ಹನ್ನೆರಡನೆಯ ದಿನ ಗೂಡೊಡೆದು ಬಂದ ಚಿಟ್ಟೆ ಆಗಲೂ ಹೆದರುತ್ತಿತ್ತು. ಹೆದರುತ್ತಲೇ ಹಾರಿತು.

ಕೇಳಿದ ನಿಮ್ಮೆಲ್ಲರನ್ನೂ ನಡುಗುವ ಗಳಿಗೆಯಲ್ಲಿ ಭಗವಂತ ಕೈಬಿಡದಿರಲಿ.