ಮಣೆಯ ಉಳಿದರ್ಧ

"ಕೇಳಿರಪ್ಪಾ ಕೇಳಿ, ಬೀಟೆಪುರದ ಸಮಸ್ತರೂ ಕೇಳಿ. ಅರಮನೆಯ ಬಡಗಿಸಾಲೆಯಲ್ಲಿ ಇನ್ನು ಹಳೆಯ ಮಾದರಿಯ ಆಸನ ಮಾಡುವುದಿಲ್ಲ. ಹೊಸದಾಗಿ ಏನು ಮಾಡಬೇಕು, ಯಾರಿಗಾಗಿ ಮಾಡಬೇಕು ಎಂಬುದು ತೀರಿಹೋದ ದೊರೆಗಳು ಬಿಟ್ಟುಹೋದ ಮೂರು ಒಗಟುಗಳಲ್ಲಿದೆ. ಬಿಡಿಸಿದವರಿಗೆ ಸಾಲೆಯ ಯಜಮಾನಿಕೆ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ಶೂಲ. ಅಷ್ಟರೊಳಗೆ ಯಾರೂ ಬಿಡಿಸದಿದ್ದರೆ ಸಾಲೆಗೆ ಬೀಗ, ಆಸನಗಳೆಲ್ಲ ಸೌದೆ."

ಇಷ್ಟು ಸಾರಿ ಡಂಗುರದವನು ಮುಂದಿನ ಬೀದಿಗೆ ಹೋದ.

ಬೀಟೆಪುರ ಬದುಕುತ್ತಿದ್ದುದೇ ಮರಗೆಲಸದಿಂದ. ಆದರೆ ಅಲ್ಲೊಂದು ಕಟ್ಟಳೆಯಿತ್ತು. ದೊರೆಯ ಆಸನದಲ್ಲಿ ಇನ್ನೊಬ್ಬರಿಗೆ ಜಾಗವಿರಬಾರದು. ದೊರೆಗಿದ್ದದ್ದೇ ಊರಿಗೂ ಬಂತು. ಸಾಲೆಯಲ್ಲಿ ಮಾಡಿದ್ದೆಲ್ಲ ಒಬ್ಬರಿಗೇ, ಎರಡು ಪಕ್ಕಕ್ಕೂ ಗೋಡೆಯಂಥ ಕೈ. ಇನ್ನೊಂದು ಕಟ್ಟಳೆ, ಮಾರುವ ಮೊದಲು ಯಾರೂ ಕೂರುವಂತಿಲ್ಲ, ಕೂತರೆ ಆಸನ ಎಂಜಲು. ಹಾಗಾಗಿ ಕೂತರೆ ಹೇಗಿರುತ್ತದೆಂದು ಮಾಡಿದವನಿಗೇ ಗೊತ್ತಿರಲಿಲ್ಲ. ಬರಬರುತ್ತಾ ಕೊಳ್ಳುವವರು ಇಲ್ಲವಾದರು, ಉಗ್ರಾಣ ತುಂಬಿತು. ಮಂತ್ರಿಗಳು ಸಭೆ ಸೇರಿ, ಕೆತ್ತನೆ ಹೆಚ್ಚಿಸೋಣ ಎಂದು ಒಬ್ಬರು, ಐವತ್ತಾರು ದೇಶಕ್ಕೂ ಕಳಿಸೋಣ ಎಂದು ಇನ್ನೊಬ್ಬರು ಹೇಳಿದರು. ಊರಿಗೇ ಬೇಡವಾದದ್ದು ಪರದೇಶಕ್ಕೆ ಯಾಕೆ ಬೇಕು ಎಂದು ಕೇಳುವ ಪುಣ್ಯಾತ್ಮ ಅಲ್ಲಿರಲಿಲ್ಲ.

ದೊರೆಯ ಒಬ್ಬಳೇ ಮಗಳು ಹೊನ್ನಾಜಮ್ಮ. ಅಪ್ಪ ಹೋದ ಮೇಲೆ ಉದ್ದನೆಯ ಊಟದ ಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಒಗಟುಗಳಲ್ಲಿ ಎರಡನ್ನು ತಾನೇ ಬಿಡಿಸಿಕೊಂಡಳು, ಮೂರನೆಯದು ಬಗೆಹರಿಯಲಿಲ್ಲ. ಪ್ರಾಣದ ಭಯವಿಲ್ಲದಿದ್ದರೆ ದಾರಿಹೋಕರೆಲ್ಲ ಬಂದು ಬಾಯಿಗೆ ಬಂದದ್ದು ಹೇಳುತ್ತಾರೆಂದು ಶೂಲದ ಮಾತು ಸೇರಿಸಿದವರು ಪ್ರಧಾನಿಗಳು.

ಮೊದಲು ರೇಷ್ಮೆ ವರ್ತಕನ ಮಗ ಬಂದ. ಹೊನ್ನಾಜಮ್ಮ ಕೇಳಿದಳು: "ಎಲ್ಲರಿಗೂ ಮಣೆ ಹಾಕುವ ಕೈ, ಆ ಕೈಗೆ ಮಣೆ ಹಾಕುವವರಿಲ್ಲ. ಯಾರ ಕೈ?"

"ಬಡಗಿಯ ಕೈ," ಎಂದ ಅವನು.

"ಬಡಗಿಗೆ ಅವನ ಹೆಂಡತಿ ಮಣೆ ಹಾಕುತ್ತಾಳೆ," ಎಂದಳು. ಅವನನ್ನು ಸೆರೆಮನೆಗೆ ಕರೆದೊಯ್ದರು.

ಪ್ರಧಾನಿಗಳ ಸೋದರಳಿಯ ಬಂದ. ಅವನು ಮೊದಲನೆಯದನ್ನು ಹೇಗೋ ದಾಟಿದ. ಹೊನ್ನಾಜಮ್ಮ ಎರಡನೆಯದನ್ನು ಕೇಳಿದಳು: "ಕೂತಿರುವಾಗ ಕಣ್ಣಿಗೆ ಬೀಳುವುದಿಲ್ಲ, ಎದ್ದುಹೋದ ಮೇಲೆ ಮನೆ ತುಂಬ ಅದೇ. ಏನದು?"

"ಸಿಂಹಾಸನ."

"ಸಿಂಹಾಸನ ಯಾವಾಗಲೂ ಕಾಣುತ್ತದೆ. ಅದರಲ್ಲಿ ಕೂತವರೇ ಯಾರಿಗೂ ಕಾಣುವುದಿಲ್ಲ." ಅವನೂ ಸೆರೆಮನೆ ಸೇರಿದ. ಆಮೇಲೆ ಯಾರೂ ಬರಲಿಲ್ಲ.

ಉಗ್ರಾಣ ಕಾಯುತ್ತಿದ್ದ ಚಿಕ್ಕೀರನಿಗೆ ಅವ್ವ ಸತ್ತ ಮೇಲೆ ತನ್ನವರೆಂಬುವರು ಇರಲಿಲ್ಲ. ಸುತ್ತಲೂ ಆಸನಗಳು, ಅವನು ಕೂರುತ್ತಿದ್ದುದು ನೆಲದ ಮೇಲೆ. ಒಂದೊಂದು ದಿನ ಯಾರೊಂದಿಗೂ ಒಂದು ಮಾತೂ ಆಡದೆ ಸಂಜೆಯಾಗುತ್ತಿತ್ತು. ಒಬ್ಬರೂ ಕೂರದೆ ಇವೆಲ್ಲ ಸುಟ್ಟುಹೋಗುತ್ತವಲ್ಲ ಎಂದು ಅವನಿಗೆ ಸಂಕಟವಾಯಿತು. ಅಮಾವಾಸ್ಯೆಯ ಹಿಂದಿನ ದಿನ ಅರಮನೆಗೆ ಬಂದ.

"ಶೂಲ ನೋಡಿದೆಯೇನಪ್ಪಾ?" ಎಂದರು ಪ್ರಧಾನಿಗಳು.

"ನೋಡ್ಕೊಂಡೇ ಬಂದೆ ಬುದ್ಧಿ. ಬರೋ ದಾರೀಲೇ ಐತೆ."

ಮೊದಲ ಒಗಟಿಗೆ ಅವನು ತಡಮಾಡಲಿಲ್ಲ. "ಅದು ನಮ್ಮವ್ವನ ಕೈ, ಅಮ್ಮಾವ್ರೆ. ಎಲ್ರ ಮನೆ ಅವ್ವಂದೂ ಅಷ್ಟೇಯ. ಎಲ್ರಿಗೂ ಮಣೆ ಹಾಕಿ ಬಡಿಸ್ತಾಳೆ, ಕೊನೇಲಿ ಉಳಿದಿದ್ದ ಹಾಕ್ಕೊಂಡು ಒಲೆ ಮುಂದೆ ಒಬ್ಳೇ ಉಣ್ತಾಳೆ."

"ಎರಡನೆಯದು?"

"ಸತ್ತೋರು ಕೂರ್ತಿದ್ದ ಜಾಗ. ಅವ್ವ ಒಲೆ ಮುಂದೆ ಕೂತಿದ್ದಾಗ ನಾನು ಆ ಕಡೆ ತಿರುಗೂ ನೋಡ್ಲಿಲ್ಲ. ಈಗ ಒಳಕ್ಕೆ ಕಾಲಿಟ್ರೆ ಅದೊಂದೇ ಕಾಣೋದು."

ಹೊನ್ನಾಜಮ್ಮ ಅಪ್ಪನ ಬರಿದಾದ ಆಸನದ ಕಡೆ ನೋಡಿ ಕಣ್ಣು ತಿರುಗಿಸಿದಳು. "ಮೂರನೆಯದು. ಎಷ್ಟೇ ನಿಪುಣನಾದರೂ ಬಡಗಿ ಅರ್ಧವನ್ನೇ ಮಾಡಬಲ್ಲ. ಉಳಿದರ್ಧ ಕಾಡಿನಲ್ಲಿ ಬೆಳೆಯದು, ಸಂತೆಯಲ್ಲಿ ಸಿಗದು. ಅದಿಲ್ಲದಿದ್ದರೆ ಆಸನ ಬರೀ ಮರ. ಏನದು?"

ಉತ್ತರಕ್ಕಾಗಿ ಚಿಕ್ಕೀರ ಸುತ್ತಲೂ ಕಣ್ಣಾಡಿಸಿದ. ಪ್ರಧಾನಿಗಳು ಕಾವಲಿನವರಿಗೆ ಸನ್ನೆ ಮಾಡಿದರು, ಅವರು ಬಂದು ಅವನ ಎರಡು ಪಕ್ಕಕ್ಕೂ ನಿಂತರು. ಬಂದಾಗಿನಿಂದ ನಿಂತೇ ಇದ್ದು ಅವನ ಕಾಲು ನೋಯುತ್ತಿತ್ತು. ಸಭೆಯ ತುಂಬ ಆಸನಗಳಿದ್ದವು.

"ಅಮ್ಮಾವ್ರೆ," ಎಂದ ಮೆಲ್ಲಗೆ, "ಇಷ್ಟು ವರ್ಷ ಆಸನಗಳ ಮಧ್ಯೆನೇ ಬದುಕ್ದೆ. ಒಂದೂ ನನ್ನ ಕರೀಲಿಲ್ಲ. ಉಳಿದರ್ಧ ಅಂದ್ರೆ 'ಬಾ, ಕೂತ್ಕೊ' ಅನ್ನೋ ಮಾತು. ಅದನ್ನ ಯಾವ ಬಡಗಿ ಮಾಡ್ಯಾನು?"

"ಇದೇ ಉತ್ತರವೆಂದು ಹೇಗೆ ನಂಬುವುದು?" ಎಂದರು ಪ್ರಧಾನಿಗಳು.

ಹೊನ್ನಾಜಮ್ಮ ಹೇಳಿದಳು: "ಕೊನೆಯ ದಿನ ಅಪ್ಪಾಜಿಗೆ ಮಾತು ನಿಂತಿತ್ತು. ಆಸನದ ಕೈಯನ್ನು ತಟ್ಟುತ್ತಲೇ ಇದ್ದರು. ಏನು ಬೇಕು, ಏನು ಬೇಕು ಎಂದು ಕೇಳುತ್ತಾ ನಾನು ನಿಂತೇ ಇದ್ದೆ. ಪಕ್ಕದಲ್ಲಿ ಕೂರೆಂದು ಕರೆಯುತ್ತಿದ್ದರೆಂದು ಈಗ ತಿಳಿಯಿತು. ಕೂರಲು ಅಲ್ಲಿ ಜಾಗವಿರಲಿಲ್ಲ." ಅವಳು ಅತ್ತಳು.

ಕಣ್ಣೊರೆಸಿಕೊಂಡು ಕೇಳಿದಳು, "ಹಾಗಾದರೆ ಸಾಲೆಯಲ್ಲಿ ಏನು ಮಾಡಿಸಲಿ?"

"ಮದುವೆ ದಿನ ಗಂಡು ಹೆಣ್ಣು ಒಂದೇ ಹಸೆಮಣೆ ಮೇಲೆ ಕೂರ್ತಾರಲ್ಲ, ಮಾರನೇ ದಿನ ಅದು ಅಟ್ಟ ಸೇರ್ತದೆ. ಆಮೇಲಿಂದ ಅವಳು ಒಬ್ಳೇ ಉಣ್ತಾಳೆ. ದಿನಾ ಇಬ್ರು ಕೂರೋ ಅಂಥ ಮಣೆ ಮಾಡ್ಸಿ. ಕೆತ್ತನೆ ಬ್ಯಾಡ. ಒಲೆ ಮುಂದೆ ಹಿಡಿಸಿದ್ರೆ ಸಾಕು. ಉಗ್ರಾಣದಲ್ಲಿರೋ ಆಸನಗಳ ಕೈ ಕೊಯ್ದು ಎರಡೆರಡು ಜೋಡ್ಸುದ್ರೆ ಹೊಸ ಮರ ಕಡಿಯೋದೂ ಬ್ಯಾಡ."

ಸಾಲೆಯ ಯಜಮಾನಿಕೆ ಚಿಕ್ಕೀರನಿಗೆ ಬಂತು. ಅವನು ಕೇಳಿಕೊಂಡದ್ದು ಒಂದೇ, ಸೆರೆಯಲ್ಲಿದ್ದವರನ್ನು ಬಿಡಬೇಕೆಂದು. ಬಿಟ್ಟರು. ಇಬ್ಬರು ಕೂತು ನೋಡದೆ ಯಾವ ಮಣೆಯೂ ಸಾಲೆಯ ಬಾಗಿಲು ದಾಟಬಾರದೆಂದು ಹೊಸ ಕಟ್ಟಳೆಯಾಯಿತು. ಎಂಜಲೆಂದು ಗೊಣಗಿದ ಮುದುಕ ಬಡಗಿಗಳೂ ಕೂತು ನೋಡಿದ ಮೇಲೆ ಏಳಲು ಮನಸ್ಸು ಮಾಡಲಿಲ್ಲ. ಜೋಡಿಮಣೆ ಮೊದಲು ಬಡಗಿಗಳ ಮನೆಗೆ ಹೋಯಿತು, ಅಲ್ಲಿ ನೋಡಿದ ನೆರೆಯವರು ಹುಡುಕಿಕೊಂಡು ಬಂದರು.

ಒಂದು ಜೋಡಿಮಣೆಯನ್ನು ಚಿಕ್ಕೀರ ತಾನೇ ಹೊತ್ತು ಅರಮನೆಗೆ ತಂದ. ಊಟದ ಹೊತ್ತು. ಹೊನ್ನಾಜಮ್ಮ ಅದರ ಒಂದು ತುದಿಯಲ್ಲಿ ಕೂತಳು. ಅವನು ಬಾಗಿಲಲ್ಲಿ ನಿಂತಿದ್ದ.

"ಚಿಕ್ಕೀರ, ಊಟ ಆಯ್ತೇನಪ್ಪಾ?"

"ಇಲ್ಲ ಅಮ್ಮಾವ್ರೆ."

ಅವಳು ಇನ್ನಷ್ಟು ಪಕ್ಕಕ್ಕೆ ಸರಿದಳು. ಆ ಮಾತು ಅವಳ ಬಾಯಿಗೆ ಹೊಸದು. ಆದರೂ ಹೇಳಿದಳು.

"ಬಾ, ಕೂತ್ಕೊ."

ಅವರು ಅಲ್ಲಿ ಉಣ್ಣುತ್ತಿರಲಿ. ಕತೆ ಕೇಳಿದವರು ಮನೆಗೆ ಹೋಗಿ, ಒಲೆಯ ಮುಂದೆ ಯಾರು ಒಬ್ಬರೇ ಕೂತಿದ್ದಾರೆ ನೋಡಿ.